ಗೇಮ್‌ನ ಊರುಗಳಿಗೆ ಹೆಸರಿಡುವುದು ಹೇಗೆ: ರೋಹಿಣಿಕಟ್ಟಿಯಿಂದ ಸ್ವಾತಿಕೋಟೆವರೆಗೆ

ಗೇಮ್ ಮಾಡುವ ನಮ್ಮ ಕಡೆಯ ಹುಡುಗ ಹುಡುಗಿಯರ ನಕ್ಷೆ ನೋಡಿದರೆ ಖುಷಿಯಾಗುತ್ತದೆ. ಗುಡ್ಡ, ಹೊಳೆ, ಗವಿ, ಹಾಳು ಕೋಟೆ ಎಲ್ಲ ಚೆನ್ನಾಗಿ ಬಿಡಿಸಿರುತ್ತಾರೆ. ಊರಿನ ಹೆಸರು ಓದಿದ ಕೂಡಲೇ ಆ ಖುಷಿ ಅರ್ಧಕ್ಕೆ ಇಳಿಯುತ್ತದೆ. ಒಂದು ಊರು ರಾಜಪುರ, ಇನ್ನೊಂದು ಡಾರ್ಕ್‌ವುಡ್, ಮೂರನೆಯದಕ್ಕೆ ಕೊನೆಯಲ್ಲಿ ‘ಹೈಮ್’ ಅಂಟಿಸಿರುತ್ತಾರೆ. ಮೂರೂ ಒಂದೇ ದೇಶದ ಊರು ಅಂತ ಆಡುವವರಿಗೆ ಅನಿಸುವುದೇ ಇಲ್ಲ. ಇದಕ್ಕೆ ಒಳ್ಳೆಯ ಉಪಾಯ ಥೀಮ್ ಹಿಡಿದು, ಅಂದರೆ ಎಲ್ಲ ಹೆಸರನ್ನೂ ಒಂದೇ ಬಗೆಯ ವಸ್ತುಗಳಿಂದ ಆರಿಸಿ, ಹೆಸರಿಡುವುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಬೆಳೆದವರಿಗೆ ಈ ಕೆಲಸಕ್ಕೆ ಬೇಕಾದ ಸಾಮಾನು ಸುತ್ತಲೇ ಬಿದ್ದಿದೆ, ಬಸ್ಸಿನ ಬೋರ್ಡ್ ಓದಿದರೂ ಸಾಕು. ನೀವು ಗೋಡೋ ಅನ್ನೋ ಸಾಫ್ಟ್‌ವೇರ್‌ನಲ್ಲಿ ಗೇಮ್ ಮಾಡುತ್ತಿರಲಿ, ಆರ್‌ಪಿಜಿ ಮೇಕರ್‌ನಲ್ಲಿ ಮಾಡುತ್ತಿರಲಿ, ಗೆಳೆಯರ ಜೊತೆ ಹಾಳೆ ಮೇಲೆ ನಕ್ಷೆ ಬರೆದು ಆಡುತ್ತಿರಲಿ, ದಾರಿ ಒಂದೇ.

1. ಮೊದಲು ಒಂದು ಒಳ್ಳೆಯ ಉದಾಹರಣೆಯನ್ನು ಬಿಚ್ಚಿ ನೋಡಿ

1996ರಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್‌ನ ಮೊದಲ ಗೇಮ್‌ಗಳಲ್ಲಿ ಕಾಂಟೋ ಅನ್ನೋ ಪ್ರದೇಶ ಇದೆ. ಪೋಕೆಮಾನ್ ಅಂದರೆ ಆಡುವವರು ಹಿಡಿದು ಸಾಕಿ ಕಾದಾಡಿಸುವ ಕಾಲ್ಪನಿಕ ಪ್ರಾಣಿಗಳು. ಕಾಂಟೋ ಜಪಾನಿನಲ್ಲಿ ನಿಜವಾಗಿಯೂ ಇರುವ ಪ್ರದೇಶದ ಹೆಸರು. ಗೇಮ್‌ನಲ್ಲಿ ಅಲ್ಲಿನ ಊರುಗಳೆಲ್ಲ ಬಣ್ಣಗಳು. ಇಂಗ್ಲಿಷ್ ಆವೃತ್ತಿಯಲ್ಲಿ ಆಟ ಶುರುವಾಗುವುದು ಪ್ಯಾಲೆಟ್ ಟೌನ್‌ನಲ್ಲಿ. ಆಮೇಲೆ ವಿರಿಡಿಯನ್, ಪ್ಯೂಟರ್, ಸೆರೂಲಿಯನ್, ವರ್ಮಿಲಿಯನ್, ಲ್ಯಾವೆಂಡರ್, ಸ್ಯಾಫ್ರನ್, ಸಿನ್ನಬಾರ್ ಹೀಗೆ ಸಾಗುತ್ತದೆ. ಜಪಾನಿ ಹೆಸರುಗಳು ಬೇರೆ, ಆದರೆ ಅವೂ ಬಣ್ಣಗಳೇ. ಭಾಷೆ ಬದಲಾಯಿಸಿದವರು ಹೆಸರು ಬಿಟ್ಟರೂ ಥೀಮ್ ಬಿಡಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಹೆಸರು ಆಟದ ಕೆಲಸವನ್ನೂ ಮಾಡುತ್ತದೆ ಅನ್ನೋದು. ಪ್ಯೂಟರ್ ಅಂದರೆ ಕಲ್ಲಿನಂಥ ಬೂದು ಬಣ್ಣ. ಅಲ್ಲಿ ಎದುರಾಗುವುದು ಕಲ್ಲಿನ ಪೋಕೆಮಾನ್ ಸಾಕಿದವನು. ಸೆರೂಲಿಯನ್ ನೀಲಿ, ಅಲ್ಲಿ ನೀರಿನವು. ಸಿನ್ನಬಾರ್ ಕೆಂಪು ಖನಿಜದ ಹೆಸರು, ಊರು ಇರುವುದು ಜ್ವಾಲಾಮುಖಿ ದ್ವೀಪದಲ್ಲಿ, ಅಲ್ಲಿ ಬೆಂಕಿಯವು. ಪ್ರತಿ ಊರಿನ ಬಾಯಲ್ಲಿ ಒಂದು ಬೋರ್ಡ್ ಇರುತ್ತದೆ. ಅದರಲ್ಲಿ ಊರಿನ ಹೆಸರಿನ ಜೊತೆ ಅದರ ಬಣ್ಣ ನೆನಪಿಸುವ ಒಂದು ಸಾಲು. ಆ ಬೋರ್ಡು ಬಹಳ ಸಣ್ಣ ವಿಷಯ, ಆದರೆ ನನಗೆ ಇಡೀ ನಕ್ಷೆಯಲ್ಲಿ ತುಂಬಾ ಇಷ್ಟವಾದದ್ದು ಅದೇ. ಥೀಮ್ ಗೊತ್ತಾಗದ ಚಿಕ್ಕ ಮಗುವಿಗೂ ಅದು ಕಿವಿಯಲ್ಲಿ ಹೇಳಿಬಿಡುತ್ತದೆ.

ಎಲ್ಲ ಊರಿಗೂ ಹೀಗೆ ಹೊಂದುವುದಿಲ್ಲ. ಸ್ಯಾಫ್ರನ್ ಅನ್ನೋ ಹೆಸರಿಗೂ ಅಲ್ಲಿನ ಮನಃಶಕ್ತಿಯ ಪೋಕೆಮಾನ್‌ಗಳಿಗೂ ಹೇಳಿಕೊಳ್ಳುವ ನಂಟಿಲ್ಲ. ಅದೂ ಸರಿಯೇ. ಎಲ್ಲವೂ ಹೊಂದಿದರೆ ಆಡುವವರು ಮುಂದಿನ ಊರಲ್ಲಿ ಏನಿದೆ ಅಂತ ಮೊದಲೇ ಊಹಿಸಿಬಿಡುತ್ತಾರೆ. 1999ರ ಗೋಲ್ಡ್ ಮತ್ತು ಸಿಲ್ವರ್‌ನಲ್ಲಿ ಪಕ್ಕದ ಪ್ರದೇಶ ಜೋಹ್ಟೋ ಬಂತು. ಅಲ್ಲಿ ಗಿಡ ಮರಗಳ ಹೆಸರು: ನ್ಯೂ ಬಾರ್ಕ್, ಅಜೇಲಿಯಾ, ಮಹಾಗನಿ, ಬ್ಲ್ಯಾಕ್‌ಥಾರ್ನ್. 2010ರ ಗೇಮ್‌ಗಳ ಉನೋವಾ ಪ್ರದೇಶದಲ್ಲಿ ಮೋಡಗಳು ಹೆಸರೊಳಗೆ ಅಡಗಿ ಕೂತಿವೆ, ನಿಂಬಾಸಾದಲ್ಲಿ ನಿಂಬಸ್, ಐಸಿರಸ್‌ನಲ್ಲಿ ಸಿರಸ್. ಒಂದು ಪ್ರದೇಶಕ್ಕೆ ಒಂದು ಥೀಮ್, ಗಡಿ ದಾಟಿದರೆ ಇನ್ನೊಂದು. ಇಷ್ಟನ್ನು ಬರೆದಿಟ್ಟುಕೊಳ್ಳಿ.

2. ಥೀಮ್ ಆರಿಸಿ

ಒಳ್ಳೆಯ ಥೀಮಿಗೆ ಮೂರು ಗುಣ ಬೇಕು. ನಿಘಂಟು ತೆಗೆಯದೆ ಹತ್ತು ಹನ್ನೆರಡು ಹೆಸರು ಬಾಯಿಗೆ ಬರಬೇಕು. ಆಡುವವರಿಗೂ ಅದರಲ್ಲಿ ಅರ್ಧವಾದರೂ ಗೊತ್ತಿರಬೇಕು. ಮೂರನೆಯದನ್ನು ಜಾಸ್ತಿ ಜನ ಮರೆಯುತ್ತಾರೆ: ಆ ಹೆಸರುಗಳಿಗೆ ತಮ್ಮದೇ ಒಂದು ಸಾಲು, ಒಂದು ಕ್ರಮ ಇದ್ದರೆ ಬಹಳ ಒಳ್ಳೆಯದು. ಬಣ್ಣಕ್ಕೆ ಕ್ರಮ ಇಲ್ಲ. ಲ್ಯಾವೆಂಡರ್ ಮೊದಲೋ ವರ್ಮಿಲಿಯನ್ ಮೊದಲೋ ಅಂತ ಹೆಸರಿನಿಂದ ತಿಳಿಯುವುದಿಲ್ಲ. ವಾರದ ಹೆಸರಿಗೆ ಕ್ರಮ ಇದೆ. ಬೆಳಗಾವಿಯಲ್ಲಿ ರವಿವಾರ ಪೇಟೆ, ಶನಿವಾರ ಕೂಟ ಇವೆ ನೋಡಿ, ವಾರ ಏಳೇ ಇರುವುದರಿಂದ ಅದು ಒಂದು ಶಹರದ ಓಣಿಗಳಿಗೆ ಸರಿಹೋಗುತ್ತದೆ, ಇಡೀ ದೇಶಕ್ಕೆ ಸಾಲದು. ಕಸೂತಿಯ ಹೊಲಿಗೆಗಳು ಚಂದದ ಹೆಸರು: ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ. ನಾಲ್ಕೇ ಇವೆ, ಹಾಗಾಗಿ ಕೋಟೆಯ ನಾಲ್ಕು ಅಗಸಿಗೆ ಇಡಬಹುದು.

ಈ ಲೇಖನಕ್ಕೆ ನಾನು ಆರಿಸಿದ್ದು ಮಳೆಗಳನ್ನು. ನಮ್ಮ ಕಡೆ ರೈತರು ತಾರೀಖು ಹೇಳುವುದಕ್ಕಿಂತ ಮಳೆಯ ಹೆಸರು ಹೇಳುವುದೇ ಜಾಸ್ತಿ. ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಮೇ ಕೊನೆಗೆ ರೋಹಿಣಿ, ಜೂನ್ ಮೊದಲ ವಾರ ದಾಟುತ್ತಿದ್ದಂತೆ ಮಿರಗ, ಆಮೇಲೆ ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘಿ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಕೊನೆಗೆ ಅಕ್ಟೋಬರ್ ಮುಗಿಯುವ ಹೊತ್ತಿಗೆ ಸ್ವಾತಿ. ಹನ್ನೆರಡು ಹೆಸರು, ಒಂದೇ ಸಾಲು. ಆಟ ರೋಹಿಣಿಯಲ್ಲಿ ಶುರುವಾಗಿ ಸ್ವಾತಿಯಲ್ಲಿ ಮುಗಿದರೆ ನಕ್ಷೆ ಇಲ್ಲದೆಯೂ ಆಡುವವರಿಗೆ ತಾವು ಎಷ್ಟು ದೂರ ಬಂದಿದ್ದೇವೆ ಅಂತ ಗೊತ್ತಾಗುತ್ತದೆ. ಮಘಿ ಹೆಸರಿನ ಊರು ಬಂತಾ, ಹಾಗಾದರೆ ಅರ್ಧ ದಾರಿ ದಾಟಿದೆ. ಮಳೆಯ ಹೆಸರು ಗೊತ್ತಿಲ್ಲದ ಶಹರದ ಹುಡುಗರಿಗೆ ಇದನ್ನು ಕಲಿಸುವುದೂ ಸುಲಭ. ಮೊದಲ ಊರಿನ ಅಜ್ಜಿಯೊಬ್ಬರು ಮಳೆಗಳನ್ನು ಸಾಲಾಗಿ ಹೇಳಿಬಿಟ್ಟರೆ ಸಾಕು.

3. ಹೆಸರಿನ ಬಾಲ ಕೂಡಿಸಿ

ಬರೀ ‘ರೋಹಿಣಿ’ ಅಂದರೆ ಊರಾಗುವುದಿಲ್ಲ, ಯಾರದೋ ಮನೆ ಮಗಳ ಹೆಸರಾಗುತ್ತದೆ. ಊರು ಅನಿಸಬೇಕಾದರೆ ಕೊನೆಗೆ ಒಂದು ಬಾಲ ಬೇಕು. ಅದನ್ನು ಹುಡುಕಲು ನಿಮ್ಮ ಜಿಲ್ಲೆಯ ನಕ್ಷೆ ಬಿಡಿಸಿ, ಊರಿನ ಹೆಸರುಗಳನ್ನು ಕೊನೆಯ ಅಕ್ಷರಗಳ ಪ್ರಕಾರ ಗುಂಪು ಮಾಡಿ. ತಾಳಿಕೋಟೆ, ಬಾಗಲಕೋಟೆ ಒಂದು ಗುಂಪು. ಕಾಗವಾಡ, ನಾಲತವಾಡ ಒಂದು. ಸಿಂದಗಿ, ಬೀಳಗಿ, ಮೂಡಲಗಿ, ಕಲಾದಗಿ ಒಂದು. ಬನಹಟ್ಟಿ, ಹಾರೂಗೇರಿ, ಮುದ್ದೇಬಿಹಾಳ, ರಾಮದುರ್ಗ, ಅಮೀನಗಡ, ನಿಡಗುಂದಿ ಹೀಗೆ ಬರೆಯುತ್ತಾ ಹೋದರೆ ಒಂದು ಸಂಜೆಯಲ್ಲಿ ಒಳ್ಳೆಯ ಪಟ್ಟಿ ಆಗುತ್ತದೆ.

ಈ ಬಾಲ ನೆಲದ ಬಗ್ಗೆ ಸುಳ್ಳು ಹೇಳಬಾರದು. ಗುಳೇದಗುಡ್ಡಕ್ಕೆ ಹೋದರೆ ಗುಡ್ಡ ಇದೆ. ಕೂಡಲಸಂಗಮಕ್ಕೆ ಹೋದರೆ ಕೃಷ್ಣೆಗೆ ಮಲಪ್ರಭೆ ಬಂದು ಕೂಡುವುದನ್ನು ಕಣ್ಣಾರೆ ನೋಡಬಹುದು. ನಿಮ್ಮ ಗೇಮ್‌ನಲ್ಲಿ ಊರಿನ ಹೆಸರು ‘ಗುಡ್ಡ’ ಅಂತ ಮುಗಿದರೆ ಅಲ್ಲಿ ಏರು ಇರಲಿ, ‘ಕೋಟೆ’ ಅಂದರೆ ಗೋಡೆ ಇರಲಿ, ಕನಿಷ್ಠ ಬಿದ್ದ ಗೋಡೆಯಾದರೂ ಇರಲಿ. ಗೋಡೆ ಯಾಕೆ ಬಿತ್ತು ಅನ್ನೋದೇ ಒಂದು ಕಥೆ ಆಗುತ್ತದೆ. ಹಟ್ಟಿ, ಕೊಪ್ಪ, ಕಟ್ಟಿ ಇವನ್ನು ಸಣ್ಣ ಊರುಗಳಿಗೆ ಇಟ್ಟುಕೊಳ್ಳಿ. ಕೋಟೆ, ಪೇಟೆ, ಪುರ ದೊಡ್ಡವಕ್ಕೆ. ಆಗ ಹೆಸರು ಕೇಳಿದ ಕೂಡಲೇ ಅಲ್ಲಿ ಅಂಗಡಿ ಸಿಗುತ್ತದೋ ಇಲ್ಲವೋ ಅಂತ ಆಡುವವರಿಗೆ ಅಂದಾಜು ಸಿಗುತ್ತದೆ.

4. ಜೋಡಿಸಿ, ಎಡವುವ ಕಡೆ ತಿದ್ದಿ

ಈಗ ಎರಡೂ ಪಟ್ಟಿ ಪಕ್ಕ ಪಕ್ಕ ಇಟ್ಟು ಜೋಡಿಸಿ. ಇಲ್ಲಿ ಅವಸರ ಮಾಡಬೇಡಿ, ಹೆಸರಿನ ಕೆಲಸದಲ್ಲಿ ಅತಿ ಹೆಚ್ಚು ಯೋಚನೆ ಬೇಡುವ ಜಾಗ ಇದೇ. ನಮ್ಮ ಹನ್ನೆರಡು ಮಳೆಗಳನ್ನೇ ತೆಗೆದುಕೊಳ್ಳೋಣ.

ಆಟ ಶುರುವಾಗುವ ಊರು ರೋಹಿಣಿಕಟ್ಟಿ. ಎರಡನೆಯದು ಬಿತ್ತನೆ ಊರು, ಬೀಜದ ಸಂತೆ ನಡೆಯುವ ಮಿರಗವಾಡ. ಹೊಳೆ ದಂಡೆಯಲ್ಲಿ ಆರಿದ್ರಹೊಳೆ. ಪುನರ್ವಸುವನ್ನು ಕೈಬಿಟ್ಟೆ, ಅದಕ್ಕೆ ಯಾವ ಬಾಲ ಕೂಡಿಸಿದರೂ ಉದ್ದ ಆಗುತ್ತದೆ. ಪುಷ್ಯಗೇರಿ ಬಾಯಿಗೆ ಹಗುರ. ಆಶ್ಲೇಷವನ್ನೂ ಬಿಟ್ಟೆ, ಆರಿದ್ರದಂತೆ ಅದೂ ‘ಆ’ದಿಂದ ಶುರುವಾಗುತ್ತದೆ, ಬೇಗ ಬೇಗ ಓದುವವರು ಎರಡನ್ನೂ ಒಂದೇ ಊರು ಅಂದುಕೊಳ್ಳುತ್ತಾರೆ. ಮೊದಲ ಅಕ್ಷರ ಬೇರೆ ಬೇರೆ ಇದ್ದಷ್ಟೂ ನೆನಪಲ್ಲಿ ಉಳಿಯುತ್ತದೆ. ಥೀಮ್‌ನಲ್ಲಿ ಇರುವ ಎಲ್ಲವನ್ನೂ ಬಳಸಲೇಬೇಕು ಅಂತೇನಿಲ್ಲ. ಬಿಟ್ಟ ಎರಡು ಹೆಸರನ್ನು ಹಾಳೂರುಗಳಿಗೆ ಇಟ್ಟರೆ, ಮಳೆಗಳನ್ನು ಬಲ್ಲವರು ‘ನಡುವೆ ಎರಡು ಊರು ಎಲ್ಲಿ ಹೋದವು’ ಅಂತ ತಾವೇ ಹುಡುಕಿಕೊಂಡು ಹೋಗುತ್ತಾರೆ.

ಮಘಿಹಾಳ ಸರಿ. ಹುಬ್ಬಿಗೆ ‘ಹಳ್ಳಿ’ ಸೇರಿಸಲು ಹೋದರೆ ಹುಬ್ಬಳ್ಳಿ ಆಗಿಬಿಡುತ್ತದೆ! ಆಡುವವರ ತಲೆಗೆ ನಿಜವಾದ ಹುಬ್ಬಳ್ಳಿ ಬಂದರೆ ನಿಮ್ಮ ಊರು ಅಲ್ಲಿಗೆ ಮುಗಿಯಿತು. ಅದಕ್ಕೇ ಹುಬ್ಬಿಕೊಪ್ಪ. ಉತ್ತರಿ ಇನ್ನೊಂದು ತೊಡಕು, ದಿಕ್ಕಿನ ಹೆಸರೂ ಅದೇ. ಉತ್ತರಿಗುಡ್ಡ ಅಂತ ಇಟ್ಟು ಅದನ್ನು ನಕ್ಷೆಯ ದಕ್ಷಿಣಕ್ಕೆ ಹಾಕಿದರೆ ಜನ ದಾರಿ ತಪ್ಪುತ್ತಾರೆ, ಹಾಗಾಗಿ ಊರನ್ನೇ ಉತ್ತರಕ್ಕೆ ಒಯ್ದುಬಿಡಿ. ಹಸ್ತಕ್ಕೆ ‘ಪುರ’ ಸೇರಿಸಿದರೆ ಮಹಾಭಾರತದ ಹಸ್ತಿನಾಪುರ ನೆನಪಾಗುತ್ತದೆ, ಹಸ್ತಗುಂದಿ ಅಂದರೆ ಆ ತೊಂದರೆ ಇಲ್ಲ. ಚಿತ್ತಿಗೆ ಸಿಂದಗಿ, ಬೀಳಗಿ ಥರ ಬಾಲ ಹಚ್ಚಿ ಚಿತ್ತರಗಿ ಅನ್ನಬಹುದಿತ್ತು, ಕೇಳಲು ಎಷ್ಟು ಚಂದ, ಆದರೆ ಹುನಗುಂದದ ಕಡೆ ಚಿತ್ತರಗಿ ಅಂತ ಊರು ನಿಜವಾಗಿ ಇದೆ. ಚಿತ್ತಿಹಟ್ಟಿ ಆಗಲಿ. ಕೊನೆಯ ದೊಡ್ಡ ಊರು ಸ್ವಾತಿಕೋಟೆ.

ಹೆಸರು ಸಿದ್ಧವಾದ ಮೇಲೆ ಕಾಂಟೋದ ಬೋರ್ಡಿನ ಉಪಾಯ ಇಲ್ಲಿ ಕೈಹಿಡಿಯುತ್ತದೆ. ಮಳೆಗಳ ಬಗ್ಗೆ ನಮ್ಮಲ್ಲಿ ಗಾದೆಗಳಿಗೆ ಬರವಿಲ್ಲ. ರೋಹಿಣಿಕಟ್ಟಿಯ ಬೋರ್ಡಿನಲ್ಲಿ ‘ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ’. ಮಘಿಹಾಳದಲ್ಲಿ ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’. ಆ ಊರಿನ ಖಾನಾವಳಿಯಲ್ಲಿ ಊಟ ಮಾಡಿದರೆ ಶಕ್ತಿ ದುಪ್ಪಟ್ಟು ಬರುವಂತೆ ಮಾಡಿ, ಗಾದೆ ಆಟದ ನಿಯಮವೇ ಆಗಿಬಿಡುತ್ತದೆ. ಚಿತ್ತಿ ಮಳೆಗೆ ಕಣ್ಣಿಲ್ಲ, ಎರಚಿದ ಕಡೆ ಬೀಳುತ್ತದೆ ಅಂತಾರೆ. ಚಿತ್ತಿಹಟ್ಟಿಯಲ್ಲಿ ಒಂದು ಓಣಿಗೆ ಮಳೆ, ಪಕ್ಕದ ಓಣಿಗೆ ಬಿಸಿಲು ಇರಲಿ. ಸ್ವಾತಿಯ ಹನಿ ಚಿಪ್ಪಿನಲ್ಲಿ ಬಿದ್ದರೆ ಮುತ್ತಾಗುತ್ತದೆ ಅನ್ನೋ ನಂಬಿಕೆ ಎಲ್ಲರಿಗೂ ಗೊತ್ತು. ಕೊನೆಯ ಊರಿನಲ್ಲಿ ಏನು ಹುಡುಕಬೇಕು ಅಂತ ನಾನು ಬೇರೆ ಹೇಳಬೇಕಾಗಿಲ್ಲ ಅಲ್ವಾ.

5. ಒಂದೇ ಹೆಸರಿನ ಎರಡು ಊರು ಇರಲಿ

ಗೇಮ್‌ಗಳಲ್ಲಿ ಒಂದೇ ಹೆಸರಿನ ಎರಡು ಊರು ಬಹಳ ಅಪರೂಪ. ನಿಜವಾದ ನಾಡಿನಲ್ಲಿ ತುಂಬಾ ಇವೆ. ವಿಜಯಪುರ ಜಿಲ್ಲೆಯಲ್ಲಿ ದೇವರ ಹಿಪ್ಪರಗಿ ಇದೆ, ಹೂವಿನ ಹಿಪ್ಪರಗಿಯೂ ಇದೆ. ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿರುವ ಹಿಪ್ಪರಗಿ ಬೇರೆ. ಅತ್ತ ಬಸವನ ಬಾಗೇವಾಡಿ, ಇತ್ತ ಬೆಳಗಾವಿ ಹತ್ತಿರ ಹಿರೇಬಾಗೇವಾಡಿ. ಬೆಳಗಾವಿಯ ಪಕ್ಕದಲ್ಲೇ ಕಂಗ್ರಾಳಿ ಬಿ.ಕೆ. ಮತ್ತು ಕಂಗ್ರಾಳಿ ಕೆ.ಎಚ್. ಅಂತ ಎರಡು ಊರಿವೆ. ಬಿ.ಕೆ. ಅಂದರೆ ಬುದ್ರುಕ್, ದೊಡ್ಡದು. ಕೆ.ಎಚ್. ಅಂದರೆ ಖುರ್ದ್, ಚಿಕ್ಕದು.

ಇದನ್ನು ನಕ್ಷೆಯಲ್ಲಿ ಒಂದೇ ಒಂದು ಕಡೆ ಬಳಸಿ, ಜಾಸ್ತಿ ಬೇಡ. ಹಿರೇ ಮಘಿಹಾಳ, ಚಿಕ್ಕ ಮಘಿಹಾಳ ಅಂತ ಮಾಡಿ, ಯಾರೋ ಒಬ್ಬರು ‘ಈ ಪತ್ರ ಮಘಿಹಾಳದ ಗೌಡರಿಗೆ ಮುಟ್ಟಿಸಿ’ ಅಂತ ಮಾತ್ರ ಹೇಳಲಿ. ಯಾವ ಮಘಿಹಾಳ ಅಂತ ಕೇಳಿ ತಿಳಿಯುವುದೇ ಆ ಭಾಗದ ಆಟ. ನಮ್ಮ ಕಡೆ ಬಸ್ ಹತ್ತುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ ಅದು.

6. ಥೀಮ್ ಮುರಿಯಿರಿ, ಆದರೆ ಕಾರಣ ಇಟ್ಟುಕೊಂಡು

ಎಲ್ಲ ಊರೂ ಮಳೆಯ ಹೆಸರಿನವೇ ಆದರೆ ಇಡೀ ನಾಡನ್ನು ಒಬ್ಬನೇ ಕೂತು ಒಂದೇ ದಿನ ಕಟ್ಟಿದ ಹಾಗೆ ಕಾಣುತ್ತದೆ. ನಿಜವಾದ ನಾಡಿನ ಹೆಸರುಗಳು ಪದರ ಪದರವಾಗಿ ಕೂತಿರುತ್ತವೆ. 2011ರ ಸ್ಕೈರಿಮ್ ಗೇಮ್ ಇದನ್ನು ಚೆನ್ನಾಗಿ ಮಾಡಿದೆ. ಈಗಿನ ಜನರ ಊರುಗಳು ವಿಂಟರ್‌ಹೋಲ್ಡ್, ವಿಂಡ್‌ಹೆಲ್ಮ್, ವೈಟ್‌ರನ್, ಚಳಿ ಗಾಳಿಯ ಸಲೀಸಾದ ಹೆಸರುಗಳು. ಕಾಣೆಯಾದ ಡ್ವೆಮರ್ ಜನರ ಹಾಳು ನಗರಗಳ ಹೆಸರು ಬ್ತಾರ್ಡಮ್ಜ್, ಮ್ಜಿಂಚಲೆಫ್ಟ್, ಬಾಯಿ ತಿರುಗುವುದೇ ಇಲ್ಲ. ನೆಲದಡಿಯ ಬಾಗಿಲ ಮೇಲೆ ಅಂಥ ಹೆಸರು ಕಂಡ ಕೂಡಲೇ ಇದು ಬೇರೆ ಜನರದ್ದು, ಹಳೆಯದು ಅಂತ ಯಾರೂ ಹೇಳದೆ ಗೊತ್ತಾಗುತ್ತದೆ.

ನಮ್ಮ ಮೂರು ಜಿಲ್ಲೆಗಳಲ್ಲೂ ಹಾಗೇ. ಪಟ್ಟದಕಲ್ಲು, ಐಹೊಳೆ ಚಾಲುಕ್ಯರ ಕಾಲದವು. ಖಾನಾಪುರ, ಅಮೀನಗಡ, ಶಹಾಪುರ ಸುಲ್ತಾನರ ಕಾಲದ ಗಾಳಿ ಹೊತ್ತ ಹೆಸರುಗಳು. ಬೆಳಗಾವಿಯ ಕ್ಯಾಂಪ್ ಬ್ರಿಟಿಷರದ್ದು. ಒಂದು ಬಸ್ಸಿನ ದಾರಿಯಲ್ಲೇ ಮೂರು ನಾಲ್ಕು ಆಳ್ವಿಕೆ ದಾಟುತ್ತೀರಿ.

ಒಬ್ಬ ದೊರೆಯೇ ಕೂತು ಥೀಮ್ ಹಿಡಿದು ಹೆಸರಿಟ್ಟದ್ದೂ ಇಲ್ಲೇ ನಡೆದಿದೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನಿಗೆ ಸಂಗೀತದ ಹುಚ್ಚು, ನವರಸ ಅನ್ನೋ ಹೆಸರಿನ ಮೇಲೆ ವಿಪರೀತ ಪ್ರೀತಿ. ತಾನು ಬರೆದ ಹಾಡುಗಳ ಪುಸ್ತಕಕ್ಕೆ ಅದೇ ಹೆಸರಿಟ್ಟ. 1599ರಲ್ಲಿ ತೊರವಿ ಹತ್ತಿರ ಹೊಸ ಶಹರ ಕಟ್ಟಲು ಶುರು ಮಾಡಿ ಅದಕ್ಕೂ ನವರಸಪುರ ಅಂದ. ಆ ಶಹರ ಪೂರ್ತಿ ಆಗಲೇ ಇಲ್ಲ. 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರ್ ಬಂದು ಹಾಳುಗೆಡವಿದ. ಸಂಗೀತ ಮಹಲಿನ ಗೋಡೆ ಕಮಾನುಗಳು ಇವತ್ತಿಗೂ ನಿಂತಿವೆ. ಗೇಮ್ ಮಾಡುವವರು ಒಮ್ಮೆ ಹೋಗಿ ನೋಡಿ. ಸುತ್ತ ನೆಲದಿಂದ ಬೆಳೆದ ಹೆಸರುಗಳು, ನಡುವೆ ಒಬ್ಬ ದೊರೆಯ ಮನಸ್ಸಿನಿಂದ ಬಂದ ಒಂದು ಹೆಸರು. ನಿಮ್ಮ ಮಳೆಯ ನಾಡಿನ ನಡುವೆಯೂ ಅಂಥ ಒಂದು ಊರಿರಲಿ. ರಾಗದ ಹೆಸರೋ ರತ್ನದ ಹೆಸರೋ ಇಡಿ, ಮಳೆಯ ಸುಳಿವೇ ಬೇಡ. ಆ ದೊರೆಗೆ ಮಳೆಯ ಹೆಸರು ಯಾಕೆ ಬೇಡವಾಯಿತು ಅಂತ ಜನ ಕೇಳಲಿ.

ಇನ್ನೊಂದು ಬಗೆ ಬಾಗಲಕೋಟೆಯಲ್ಲಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಊರಿನ ಎಷ್ಟೋ ಭಾಗ ಹೋಯಿತು, ಜನರಿಗಾಗಿ ನವನಗರ ಕಟ್ಟಿದರು. ಅಲ್ಲಿ ವಿಳಾಸ ಹೇಳುವುದು ಸೆಕ್ಟರ್ ನಂಬರಿನಿಂದ. ಹಳೆ ಊರಿನಲ್ಲಿ ಓಣಿಗೊಂದು ಹೆಸರು, ಹೊಸ ಊರಿನಲ್ಲಿ ಅಂಕಿ. ನಿಮ್ಮ ಗೇಮ್‌ನಲ್ಲಿ ನಂಬರಿನ ಬೀದಿಗಳ ಊರು ಬಂದರೆ ಇಲ್ಲಿಗೆ ಜನ ಬೇರೆ ಕಡೆಯಿಂದ ಬಂದವರು ಅಂತ ಹೇಳಿದ ಹಾಗಾಯಿತು. ಅವರ ಹಳೆಯ ಊರು ಎಲ್ಲಿದೆ? ಕೆರೆಯ ಕೆಳಗೆ ಈಜಿ ನೋಡಬೇಕು. ಮೇಲೆ ಬಿಟ್ಟ ಪುನರ್ವಸುವಿಗೆ ಇದು ಒಳ್ಳೆಯ ಜಾಗ.

7. ಜನ ಕರೆಯುವ ಹೆಸರು, ಕಾಗದದ ಹೆಸರು

ಬಿಜಾಪುರ ಅಧಿಕೃತವಾಗಿ ವಿಜಯಪುರ ಆದದ್ದು 2014ರಲ್ಲಿ. ಬೆಳಗಾಂ ಬೆಳಗಾವಿ ಆದದ್ದೂ ಆಗಲೇ. ಇವತ್ತಿಗೂ ಎರಡೂ ಹೆಸರು ಜನರ ಬಾಯಲ್ಲಿವೆ. ಗೇಮ್‌ನಲ್ಲಿ ಬೋರ್ಡು ‘ರೋಹಿಣಿಕಟ್ಟಿ’ ಅನ್ನಲಿ, ಮುದುಕರು ‘ರೋಣಿಕಟ್ಟಿ’ ಅನ್ನಲಿ. ಮುಖ್ಯ ದಾರಿ ಹೇಳುವ ಮಾತಿನಲ್ಲಿ ಮಾತ್ರ ಬೋರ್ಡಿನ ಹೆಸರೇ ಇರಲಿ.

8. ಪರದೆ ಮೇಲೆ ಹಾಕುವ ಮುಂಚೆ

ಹೆಸರನ್ನು ಗೂಗಲ್ ಮ್ಯಾಪ್‌ನಲ್ಲಿ ಹುಡುಕಿ, ನಿಜವಾದ ಊರಿದ್ದರೆ ಬದಲಾಯಿಸಿ. ಅದರಲ್ಲೂ ಕಳ್ಳರ ಊರು, ಶಾಪದ ಊರು ಅಂತ ತೋರಿಸುವ ಹೆಸರು ಯಾರದೋ ತವರೂರಿನದ್ದಾಗಬಾರದು. ಯಾವುದೇ ಜಾತಿ, ಮನೆತನದ ಹೆಸರು ಕೇಳಿಬಂದರೂ ಬಿಟ್ಟುಬಿಡಿ.

ಆಮೇಲೆ ಫಾಂಟ್. ಇದರಲ್ಲಿ ಬಹಳ ಜನ ಬೇಸತ್ತು ಇಂಗ್ಲಿಷ್ ಲಿಪಿಗೆ ಹೋಗಿಬಿಡುತ್ತಾರೆ, ಹೋಗಬೇಡಿ. ಗೇಮ್ ಮಾಡುವ ಇನ್ನೊಂದು ಸಾಫ್ಟ್‌ವೇರ್ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಕನ್ನಡದ ಒತ್ತಕ್ಷರ, ಗುಣಿತದ ಗುರುತುಗಳು ಜಾಗ ತಪ್ಪಿ ಒಡೆದು ಕಾಣುತ್ತವೆ. ‘ಸ್ವಾತಿ’ಯ ವಕಾರದ ಒತ್ತು, ‘ಪುಷ್ಯ’ದ ಯಕಾರದ ಒತ್ತು ಎರಡೂ ಸರಿ ಬಂದರೆ ಉಳಿದವೂ ಬರುತ್ತವೆ ಅಂತ ಧೈರ್ಯ ತಂದುಕೊಳ್ಳಬಹುದು, ಪರೀಕ್ಷೆಗೆ ಅವನ್ನೇ ಬಳಸಿ. ಗೋಡೋ 4ರಲ್ಲಿ ಇಂಥ ಲಿಪಿಗಳಿಗೆ ಬೇಕಾದ ವ್ಯವಸ್ಥೆ ಒಳಗೇ ಇದೆ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿದರೆ ಕೆಲಸ ಆಗುತ್ತದೆ. ಬೇರೆ ಯಾವ ದಾರಿಯೂ ಸಿಗದಿದ್ದರೆ ಊರಿನ ಹೆಸರುಗಳನ್ನು ಚಿತ್ರ ಮಾಡಿ ಅಂಟಿಸಿ. ಹತ್ತು ಹನ್ನೆರಡು ಬೋರ್ಡು ತಾನೇ.

ಕೊನೆಯ ಪರೀಕ್ಷೆಗೆ ಗೇಮ್ ಮುಗಿದಿರಬೇಕಾಗಿಲ್ಲ. ನಕ್ಷೆಯನ್ನು ಹಾಳೆ ಮೇಲೆ ಬರೆದು, ಗೇಮ್ ಆಡುವ ಒಬ್ಬರಿಗೆ, ಆಡದ ಒಬ್ಬರಿಗೆ ತೋರಿಸಿ. ಹೆಸರುಗಳನ್ನು ಜೋರಾಗಿ ಓದಲು ಹೇಳಿ. ನಾಲಿಗೆ ಎಲ್ಲಿ ತಡವರಿಸುತ್ತದೆ ಗುರುತು ಹಾಕಿಕೊಳ್ಳಿ. ಮರುದಿನ ಹಾಳೆ ತೋರಿಸದೆ ಶುರುವಿನ ಊರಿನಿಂದ ಕೊನೆಯ ಊರಿನವರೆಗೆ ದಾರಿ ಹೇಳಲು ಕೇಳಿ. ಅವರು ಹಾರಿಸಿಬಿಟ್ಟ ಊರಿನ ಹೆಸರನ್ನು ಬದಲಾಯಿಸಿ. ತಪ್ಪಾಗಿ ಹೇಳಿದ ಹೆಸರು ನಿಮ್ಮದಕ್ಕಿಂತ ಚೆನ್ನಾಗಿ ಕೇಳಿಸಿದರೆ ಅದನ್ನೇ ಇಟ್ಟುಕೊಳ್ಳಿ.